ಬಾಗಿಲಲ್ಲಿ ನಿಂತ ಜರಡಿ

ಬೀದಿಯವರು ಅವನಿಗೆ ಜರಡಿ ಎಂದು ಹೆಸರಿಟ್ಟಿದ್ದರು. ತನ್ನ ಹೋಟೆಲಿನ ಬಾಗಿಲಲ್ಲಿ ನಿಂತು ಊಟಕ್ಕೆ ಬಂದವರನ್ನು ಅವನು ಸೋಸುತ್ತಿದ್ದ, ಅದಕ್ಕೆ. ಹೆಸರು ಅವನ ಕಿವಿಗೂ ಬಿದ್ದಿತ್ತು. ಅದನ್ನು ಹೊಗಳಿಕೆ ಎಂದುಕೊಂಡಿದ್ದ. ಅಂಥ ಮನುಷ್ಯ.

ಅದು ವೀಗನ್ ಹೋಟೆಲು. ಮಾಂಸ, ಮೊಟ್ಟೆ ಮಾತ್ರವಲ್ಲ, ಹಾಲು, ಬೆಣ್ಣೆ, ಜೇನು, ಹೀಗೆ ಪ್ರಾಣಿಯಿಂದ ಬರುವ ಯಾವುದೂ ಅಡುಗೆಮನೆಗೆ ಬರುವಂತಿಲ್ಲ. ಇದರಲ್ಲಿ ನಗುವಂಥದ್ದೇನೂ ಇಲ್ಲ. ಕರುವಿನ ಪಾಲನ್ನು ಕಿತ್ತುಕೊಳ್ಳಬೇಡಿ ಎನ್ನುವವನಿಗೆ ಸುಲಭದ ಉತ್ತರ ಯಾರ ಹತ್ತಿರವೂ ಇಲ್ಲ. ನಗು ಬರುತ್ತಿದ್ದದ್ದು ಜರಡಿಯನ್ನು ನೋಡಿ. ನಡುವಯಸ್ಸಿನ ತನಕ ಅವನು ಚೀಸ್ ಕಂಪನಿಯೊಂದರ ಮಾರಾಟ ಪ್ರತಿನಿಧಿಯಾಗಿದ್ದ. ಅಂಗಡಿಗಳಿಗೆ ತೋರಿಸಬೇಕಾದ ಸ್ಯಾಂಪಲ್ಲುಗಳನ್ನು ದಾರಿಯಲ್ಲೇ ಖಾಲಿ ಮಾಡುತ್ತಿದ್ದ. ಆಮೇಲೆ ಯಾವುದೋ ವಿಡಿಯೊ ನೋಡಿ ಬದಲಾದ. ಬದಲಾಗಲಿ, ಒಳ್ಳೆಯದೇ. ಆದರೆ ತನಗೆ ಅರ್ಧ ಆಯಸ್ಸು ಹಿಡಿದ ಬದಲಾವಣೆ ಉಳಿದವರಿಗೆ ಹೊಸ್ತಿಲು ದಾಟುವಷ್ಟರಲ್ಲಿ ಆಗಬೇಕು ಎಂದು ಹಟ ಹಿಡಿದ.

ಆ ಹೋಟೆಲು ಅಮ್ಮ ನಡೆಸುತ್ತಿದ್ದದ್ದು. ಅವಳು ಹೋದ ಮೇಲೆ ಅವನಿಗೂ ಅವನ ಅಕ್ಕನಿಗೂ ಜಂಟಿಯಾಗಿ ಬಂತು. ಅಡುಗೆ ಪೂರ್ತಿ ಅಕ್ಕನದು. ತಮ್ಮನ ಹೊಸ ತತ್ವಕ್ಕೆ ಅವಳು ಮೊದಲು ಮೂಗು ಮುರಿದಳು. ಆಮೇಲೆ ಅವನು ತಂದಿಟ್ಟ ಪುಸ್ತಕಗಳನ್ನು ಓದಿದಳು, ಯೋಚಿಸಿದಳು, ತಾನೂ ಹಾಲು ಬಿಟ್ಟಳು. ಅದನ್ನು ಯಾರಿಗೂ ಹೇಳಿಕೊಂಡು ತಿರುಗಲಿಲ್ಲ. ಗೋಡಂಬಿ ನೆನೆಸಿ ರುಬ್ಬಿ ಕ್ರೀಮ್ ಮಾಡುವುದನ್ನು ಕಲಿತಳು. ಕಡಲೆಕಾಳು ಬೇಯಿಸಿದ ನೀರನ್ನು ಮೊಟ್ಟೆಯ ಬಿಳಿಯಂತೆ ನೊರೆ ಬರುವವರೆಗೆ ಕಡೆದು ಕೇಕಿಗೆ ಹಾಕುವುದನ್ನು ಕಲಿತಳು. ನೀರು ತೆಳುವಾದರೆ ನೊರೆ ನಿಲ್ಲುವುದಿಲ್ಲ. ಮೊದಮೊದಲ ಕೇಕುಗಳು ಇಟ್ಟಿಗೆಯಾದವು. ಜರಡಿ ಅವನ್ನೂ ಗಿರಾಕಿಗಳ ಮುಂದಿಟ್ಟು, ರುಚಿ ಮುಖ್ಯವಲ್ಲ, ಉದ್ದೇಶ ಮುಖ್ಯ ಎಂದು ಬುದ್ಧಿ ಹೇಳಿದ. ಅಕ್ಕ ತಟ್ಟೆಗಳನ್ನು ವಾಪಸು ಎತ್ತಿಕೊಂಡು ಹೋಗಿ ನೀರನ್ನು ಇನ್ನಷ್ಟು ಕುದಿಸಿ ಗಟ್ಟಿ ಮಾಡಿದಳು. ಜನ ಬರತೊಡಗಿದ್ದು ಆಮೇಲೆ. ತನ್ನ ಮಾತಿಗೆ ಮರುಳಾಗಿ ಬರುತ್ತಿದ್ದಾರೆ ಎಂದು ಜರಡಿ ಎದೆ ಸೆಟೆಸಿದ.

ಹೊಸಬರು ಬಾಗಿಲಿಗೆ ಬಂದರೆ ಅವನದು ಒಂದೇ ಪ್ರಶ್ನೆ: ಕೊನೆಯ ಸಲ ಪ್ರಾಣಿಯನ್ನು ತಿಂದದ್ದು ಯಾವಾಗ? ನಿನ್ನೆ ಎಂದವರಿಗೆ ಅಲ್ಲೇ ಪಾಠ. ನಕ್ಕವರಿಗೆ ಊಟವಿಲ್ಲ. ಚರ್ಮದ ಬ್ಯಾಗು ಹೊರಗಿನ ಗೂಟಕ್ಕೆ. ಇದನ್ನೆಲ್ಲ ಅವನು ಸೇವೆ ಎಂದು ಕರೆಯುತ್ತಿದ್ದ. ಯಾರ ಸೇವೆ ಎಂದು ಕೇಳಿದ್ದರೆ ತಬ್ಬಿಬ್ಬಾಗುತ್ತಿದ್ದ. ಅವನ ಪಾಠ ಕೇಳಿದ ಸಿಟ್ಟಿಗೇ ಎದುರುಸಾಲಿಗೆ ಹೋಗಿ ಆಮ್ಲೆಟ್ ತಿಂದವರನ್ನು ಲೆಕ್ಕಕ್ಕೆ ಹಿಡಿದರೆ, ಅವನಿಂದ ಕೋಳಿಗಳಿಗೆ ಆದದ್ದು ನಷ್ಟವೇ.

ಅಮ್ಮನ ಕಾಲದಿಂದ ಆ ಹೋಟೆಲಿನಲ್ಲಿ ಒಂದು ನಿಯಮವಿತ್ತು. ಮೇಜಿನ ಮೇಲೆ ನೀರಿನ ಲೋಟ ಇಟ್ಟಾದ ಮೇಲೆ ಕೂತವರನ್ನು ಎಬ್ಬಿಸಬಾರದು. ಇದಕ್ಕೆ ಮಾತ್ರ ಜರಡಿಯೂ ತಲೆಬಾಗುತ್ತಿದ್ದ. ಹಾಗಾಗಿ ಬಾಗಿಲು ಕಿರ್ರೆಂದರೆ ಸಾಕು, ಅಕ್ಕ ಸೌಟು ಬಿಟ್ಟು ಲೋಟ ಹಿಡಿದು ಓಡಿಬರುತ್ತಿದ್ದಳು. ಅವನ ಪ್ರಶ್ನೆ ಮೊದಲೋ ಅವಳ ಲೋಟ ಮೊದಲೋ ಎಂಬ ಪಂದ್ಯವನ್ನು ಖಾಯಂ ಗಿರಾಕಿಗಳು ಸೂಪು ಹೀರುತ್ತಾ ನೋಡುತ್ತಿದ್ದರು.

ಒಂದು ದಿನ ನಿವೃತ್ತ ಮೇಷ್ಟ್ರೊಬ್ಬರು ಊಟದ ನಡುವೆ ಜೇಬಿನಿಂದ ಮಾತ್ರೆ ತೆಗೆದರು. ಜರಡಿ ಕನ್ನಡಕ ಏರಿಸಿ ಮಾತ್ರೆಪಟ್ಟಿಯ ಹಿಂಬದಿ ಓದಿದ. ಕ್ಯಾಪ್ಸೂಲಿನ ಹೊರಕವಚ ಜೆಲಟಿನ್, ಅಂದರೆ ಪ್ರಾಣಿಯ ಮೂಳೆ-ಚರ್ಮದಿಂದ ತೆಗೆದದ್ದು. ಎದ್ದು ಹೋಗಿ ಹೊರಗೆ ನುಂಗಿ ಬನ್ನಿ ಎಂದ. ಮೇಷ್ಟ್ರು ಲೋಟ ಹಿಡಿದು ಬೀದಿಗೆ ಹೋದರು, ನುಂಗಿದರು, ಬಂದು ಉಳಿದ ಊಟ ಮುಗಿಸಿದರು. ಒಬ್ಬರ ಸೌಜನ್ಯ ಇನ್ನೊಬ್ಬರಿಗೆ ಗೆಲುವಿನಂತೆ ಕಂಡಿತು.

ಅವರು ಹೋದ ಮೇಲೆ ಅಕ್ಕ ಜರಡಿಯನ್ನು ಒಲೆಯ ಹತ್ತಿರ ಕರೆದಳು.

"ಇದೇ ಕೊನೆ ಕಣೋ. ಕೂತವರನ್ನ ಇನ್ನೊಂದು ಸಲ ಎಬ್ಬಿಸಿದ್ರೆ ನಾನು ಇಲ್ಲಿಂದ ಹೋಗ್ತೀನಿ. ಆಮೇಲೆ ಅಡುಗೆ ನೀನೇ ಮಾಡ್ಕೊ."

ಜರಡಿಗೆ ನೀರು ಕಾಯಿಸುವುದು ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಅಕ್ಕ ಇಲ್ಲದಿದ್ದರೆ ಹೋಟೆಲು ಇಲ್ಲ. ಇದು ಬೀದಿಗೆಲ್ಲ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಕೆಲವು ವಾರ ಕೂತವರನ್ನು ಎಬ್ಬಿಸುವ ಗೋಜಿಗೆ ಹೋಗಲಿಲ್ಲ.

ಎದುರುಸಾಲಿನ ಮಾಂಸದಂಗಡಿಯವನಿಗೆ ಕಾಲೇಜಿಗೆ ಹೋಗುವ ಮಗಳಿದ್ದಳು. ಮಾಂಸ, ಹಾಲು ಎಲ್ಲ ಬಿಟ್ಟು, ಮನೆಯಲ್ಲಿ ಅಪ್ಪನ ಜೊತೆ ಕೂರುವುದನ್ನೂ ಬಿಟ್ಟು, ಒಬ್ಬಳೇ ಈ ಹೋಟೆಲಿಗೆ ಬಂದು ಉಣ್ಣುತ್ತಿದ್ದಳು. ಒಂದು ಸಲ ಬಾ, ಜೊತೆಯಲ್ಲಿ ಊಟ ಮಾಡೋಣ ಎಂದು ಅಪ್ಪನನ್ನು ತಿಂಗಳುಗಟ್ಟಲೆ ಕಾಡಿದ್ದಳು. ಕೊನೆಗೆ ಅವನು ಒಂದು ಮಧ್ಯಾಹ್ನ ಅಂಗಡಿ ಮುಚ್ಚಿದ, ಸ್ನಾನ ಮಾಡಿದ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಸಂಬಂಧ ಕೇಳಲು ಬಂದವನಂತೆ ಕುರ್ಚಿಯ ತುದಿಯಲ್ಲಿ ಕೂತ. ಜರಡಿ ಇನ್ನೊಂದು ಮೇಜಿನಲ್ಲಿ ಯಾರದೋ ತಲೆ ತಿನ್ನುತ್ತಿದ್ದ. ಅಕ್ಕ ಎರಡು ಲೋಟ ನೀರಿಟ್ಟು, ಅಣಬೆ ಬಿಸಿಯಾಗಿದೆ, ತರ್ತೀನಿ ಎಂದು ಒಳಗೆ ಹೋದಳು.

ತತ್ವವಂತನಾದವನಿಗೆ ಇಂಥ ದಿನ ಜೀವಮಾನದಲ್ಲಿ ಒಮ್ಮೆ ಬರುತ್ತದೆ. ಮಾಂಸ ಕಡಿಯುವವನೇ ತಾನಾಗಿ ಬಂದು ಸೊಪ್ಪಿನ ಊಟಕ್ಕೆ ಕೂತಿದ್ದಾನೆ. ಜರಡಿ ಮಾಡಬೇಕಾದದ್ದು ಏನೂ ಇರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಅದೊಂದು ಅವನ ಕೈಲಾಗುವ ಕೆಲಸವಲ್ಲ. ಬಂದು ತನ್ನ ಪ್ರಶ್ನೆ ಕೇಳಿದ.

"ಬೆಳಿಗ್ಗೆ" ಎಂದ ಮಾಂಸದಂಗಡಿಯವನು. "ಸುಳ್ಳು ಯಾಕೆ ಹೇಳ್ಲಿ ಸ್ವಾಮಿ, ನಮ್ಮಂಗಡೀದೇ. ಈಗ ನಿಮ್ಮದು ತಿನ್ನೋಕೆ ಬಂದಿದ್ದೀನಿ."

ಮಗಳು ನಕ್ಕಳು. ಹತ್ತಿರದ ಮೇಜಿನವರೂ ನಕ್ಕರು. ಅವರ ನಗುವನ್ನು ಜರಡಿಗೆ ಸಹಿಸಲಾಗಲಿಲ್ಲ. ಕೊಲ್ಲುವ ಕೈಗೆ ಇಲ್ಲಿ ತಟ್ಟೆಯಿಲ್ಲ ಎಂದ. ಮಾಂಸದಂಗಡಿಯವನು ಕದಲಲಿಲ್ಲ. ಆಗ ಜರಡಿ ಬಾಗಿ ಅವನ ಮುಂದಿನ ಲೋಟವನ್ನು ಎತ್ತಿದ, ಆಮೇಲೆ ಮಗಳ ಮುಂದಿನದನ್ನೂ ಎತ್ತಿದ.

ಅಣಬೆಯ ಎರಡು ತಟ್ಟೆ ಹಿಡಿದು ಬರುತ್ತಿದ್ದ ಅಕ್ಕ ಅಲ್ಲೇ ನಿಂತಳು. ಮಗಳ ಕಣ್ಣು ತುಂಬಿದ್ದವು. ಅಪ್ಪ ಅವಳ ಬೆನ್ನು ತಟ್ಟಿ, ಬಿಡಮ್ಮ, ನಾನು ಬಂದಿದ್ನಲ್ಲ, ಅಷ್ಟು ಸಾಕು ಎಂದು ಎದ್ದ. ಅಕ್ಕ ತಟ್ಟೆಗಳನ್ನು ಮೇಜಿನ ಮೇಲಿಟ್ಟಳು. ಏಪ್ರನ್ ಬಿಚ್ಚಿ ಮಡಚಿ ಕುರ್ಚಿಯ ಬೆನ್ನಿಗೆ ಹಾಕಿದಳು. ಒಲೆ ಆರಿಸಿ ಬಂದು, ಅವರಿಬ್ಬರ ಹಿಂದೆ ತಾನೂ ಹೊರಟುಹೋದಳು. ಜರಡಿ ಉಳಿದವರ ಕಡೆ ತಿರುಗಿ, ತತ್ವದ ಮುಂದೆ ರಕ್ತಸಂಬಂಧವೂ ನಿಲ್ಲುವುದಿಲ್ಲ ಎಂದು ಭಾಷಣ ಶುರುಮಾಡಿದ. ಕೇಳುವವರು ತಮ್ಮ ಊಟ ಎಲ್ಲಿ ಎಂದು ಅಡುಗೆಮನೆಯ ಕಡೆ ನೋಡುತ್ತಿದ್ದರು.

ಅಡುಗೆಯವರನ್ನು ಇಟ್ಟುಕೊಂಡು ನೋಡಿದ. ಒಬ್ಬನನ್ನು ಮನೆಯಲ್ಲಿ ಮೊಟ್ಟೆ ತಿನ್ನುತ್ತಾನೆಂದು ತೆಗೆದ, ಇನ್ನೊಬ್ಬಳನ್ನು ಅವಳು ಉಣ್ಣೆಯ ಸ್ವೆಟರ್ ಹಾಕಿದ್ದಕ್ಕೆ. ಗಿರಾಕಿಗಳು ಕರಗಿದರು. ಸೋಸಲು ಯಾರೂ ಉಳಿಯದಿದ್ದಾಗ ಬಾಗಿಲು ಮುಚ್ಚಿದ. ಲೋಕ ಇನ್ನೂ ಇದಕ್ಕೆಲ್ಲ ತಯಾರಿಲ್ಲ ಎಂದು ಹೇಳಿಕೊಂಡು ತಿರುಗಿದ.

ಅಕ್ಕ ಆಸ್ಪತ್ರೆಯ ಕ್ಯಾಂಟೀನಿಗೆ ಸೇರಿದಳು. ಪಕ್ಕದ ಒಲೆಯಲ್ಲಿ ಮೊಟ್ಟೆ ಬೇಯುತ್ತದೆ. ಅವಳ ಪಾತ್ರೆಗೆ ಪ್ರಾಣಿಯದ್ದು ಏನೂ ಬೀಳುವುದಿಲ್ಲ. ಯಾರಿಗೆ ಯಾವುದು ಬೇಕೋ ಅದನ್ನು ತೆಗೆದುಕೊಳ್ಳುತ್ತಾರೆ. ಈಚೆಗೆ ಅವಳ ಪಾತ್ರೆಯೇ ಮೊದಲು ಖಾಲಿಯಾಗುತ್ತಿದೆಯಂತೆ.

ಈಗ ಜರಡಿ ಸಂಜೆ ಅವಳ ಮನೆಗೆ ಬರುತ್ತಾನೆ. ಅವನಿಗೆಂದು ಕ್ಯಾಂಟೀನಿನ ತನ್ನ ಅಡುಗೆಯಿಂದ ಒಂದು ಡಬ್ಬಿ ತೆಗೆದಿಟ್ಟಿರುತ್ತಾಳೆ. ಯಾಕೆ ಎಂದು ಪಕ್ಕದ ಮನೆಯವಳು ಕೇಳಿದ್ದಕ್ಕೆ, ತಮ್ಮ ಅಲ್ವಾ ಎಂದಳು. ಮುಚ್ಚಳ ತೆಗೆಯುವ ಮುಂಚೆ ಅವನು ಕೇಳುತ್ತಾನೆ, "ಅಕ್ಕ, ಸೌಟು ಬೇರೆ ತಾನೆ?"

"ಬೇರೆ ಕಣೋ. ತಿನ್ನು."

ತಿನ್ನುತ್ತಾನೆ. ಬೆರಳು ನೆಕ್ಕುತ್ತಾ, ಉಪ್ಪು ಸ್ವಲ್ಪ ಕಡಿಮೆಯಾಯಿತು ಎನ್ನುತ್ತಾನೆ.