ಅರ್ಧ ಗುಡ್ಡದ ಬೆಳಕು

ಮೊನ್ನೆ ಊರಬಾಗಿಲ ಅಗಸಿ ಮುಂದಿನ ಚಹಾದಂಗಡಿಯಲ್ಲಿ ಕೂತಿದ್ದೆ. ಯಾರೋ ಹೊರಗೆ ಮೋಟರ್ ಸೈಕಲ್ ನಿಲ್ಲಿಸಿ ಹೋಗಿದ್ದರು. ಅದರ ಕನ್ನಡಿಗೆ ಬಿಸಿಲು ಬಡಿದು ಗೋಡೆಯ ಮೇಲೆ ಅಂಗೈಯಗಲ ಬೆಳಕು ಕುಣಿಯುತ್ತಿತ್ತು. ನನ್ನ ಕುತ್ತಿಗೆ ನನ್ನನ್ನು ಕೇಳದೆಯೇ ಉತ್ತರಕ್ಕೆ ತಿರುಗಿತು.

"ಯಾಕ್ರಿ ಕಂಡಕ್ಟರ್ ಸಾಹೇಬ್ರ, ಯಾವ ಬಸ್ ಬಂತು?" ಅಂಗಡಿಯವ ನಕ್ಕ.

"ನಿಮ್ಮಪ್ಪನ ಮದುವಿ ಬಸ್ ಬಂತಲೇ, ಹತ್ತು," ಎಂದೆ.

ಬಾಯಿ ಇನ್ನೂ ಗಟ್ಟಿ ಇದೆ. ಉಳಿದದ್ದೆಲ್ಲ...

ಸುರಪುರ, ಶಹಾಪುರ, ಯಾದಗಿರಿ ರಸ್ತೆಗಳ ಮೇಲೆ ಸರ್ಕಾರಿ ಬಸ್ಸಿನಲ್ಲಿ ಸೀಟಿ ಊದಿಯೇ ಆಯುಷ್ಯ ಕಳೆದವನು ನಾನು. ಈ ಸೀಮೆಯಲ್ಲಿ ನಾನು ಮಂಗ ಮಾಡದ ಮನುಷ್ಯನೇ ಇಲ್ಲ. ಟಿಕೆಟ್ ತಪಾಸಣೆಗೆ ಹತ್ತಿದ ಸಾಹೇಬನ ಕೈಗೇ ಒಂದು ಹುಂಜ ಕೊಟ್ಟು, "ಜರಾ ಹಿಡೀರಿ ಸಾಹೇಬ್ರ" ಎಂದು ಅರ್ಧ ದಾರಿ ಹಿಡಿಸಿ, ಇಳಿಯುವಾಗ ಆ ಹುಂಜಕ್ಕೆ ಅವನಿಂದಲೇ ಟಿಕೆಟ್ ತೆಗೆಸಿದ ಗಂಡಸು ನಾನು. ಬೇಕಾದರೆ ಡ್ರೈವರುಗಳನ್ನು ಕೇಳಿ. ಇಂಥ ನನ್ನ ಕೈಗೆ ಸಿಗದೆ ಹೋದವರು ಇಬ್ಬರೇ. ಒಬ್ಬ ಪಕ್ಕದ ಮನೆಯ ಟೇಲರ್. ಇನ್ನೊಬ್ಬಾಕೆ ಅವನ ಹೆಂಡತಿ.

ಆಕೆಯನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ. ಹಾಗಾಗಿ ಅವನು ಮಾಮಾ ಆದ, ನಾನು ಅವನಿಗೆ ಅಳಿಯ ಆದೆ. ಕಾಡಿಸುವುದಕ್ಕೆ ಇಬ್ಬರಿಗೂ ಹಕ್ಕು ಸಿಕ್ಕಿತು. ವಾರವೆಲ್ಲ ಹೊಲಿಗೆ ಮಷೀನು ತುಳಿಯುವ ಮಾಮಾ, ಭಾನುವಾರ ಬೆಳಗ್ಗೆ ಅದೇ ಕಾಲಿನಿಂದ ಗುಂಡಿನ ಗುಡ್ಡ ಹತ್ತುತ್ತಿದ್ದ. ರಜೆ ಇದ್ದಾಗ ನಾನೂ ಬೆನ್ನು ಹತ್ತುತ್ತಿದ್ದೆ.

ಊರು ದಾಟಿ ಉತ್ತರಕ್ಕೆ ಹೋದರೆ ಗಾಯರಾಣ. ದನ ಕುರಿ ಮೇಯುವ ಬಯಲು, ಒಂದು ಮರ ಇಲ್ಲ. ಮೊಣಕಾಲೆತ್ತರ ಹುಲ್ಲು, ನಡುನಡುವೆ ಬಾರಿ ಕಂಟಿ, ಕವಳಿ ಕಂಟಿ. ಹುಲ್ಲು ತುಳಿದರೆ ನಿಂಬೆಯಂಥ ಘಮ ಮೇಲೇಳುತ್ತಿತ್ತು. ಎಷ್ಟು ನಡೆದರೂ ಗುಡ್ಡ ಹತ್ತಿರ ಬಂದಂತೆ ಅನಿಸುತ್ತಿರಲಿಲ್ಲ. ಆಮೇಲೆ ಒಮ್ಮೆಲೇ ಬಂಡೆ ಎದೆಗೇ ಬಂದು ನಿಲ್ಲುತ್ತಿತ್ತು. ಆನೆ ಮಲಗಿದಂಥ ಕಲ್ಲುಗಳು. ಚಪ್ಪಲಿ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ಬಂಡೆಗೆ ಅಂಟಿಕೊಂಡು ಹತ್ತಬೇಕು. ಮಾಮಾ ಓತಿಕ್ಯಾತದ ಹಾಗೆ ಏರಿಬಿಡುತ್ತಿದ್ದ. ನಾನು ಅರ್ಧಕ್ಕೆ ನಿಂತು, "ಮಾಮಾ, ನೋಟ ಭಾಳ ಚಲೋ ಅದ, ಜರಾ ನೋಡಿ ಹೋಗೂಣು," ಎನ್ನುತ್ತಿದ್ದೆ.

"ನೋಟ ಅಲ್ಲಲೇ ಅಳಿಯಾ, ನಿನ್ನ ಉಸಿರು ನಿಂತದ. ಕೂಡು, ಸತ್ರ ಹೊತಗೊಂಡು ಹೋಗಾಕ ನನಗ ಆಗಾಂಗಿಲ್ಲ."

ಗುಡ್ಡದ ನೆತ್ತಿಯಲ್ಲಿ ಒಂದು ದೊಡ್ಡ ಗುಂಡು ಇತ್ತು. ಯಾರೋ ತಂದಿಟ್ಟು ಮರೆತು ಹೋದಂಥ ಕಲ್ಲು. ಅದರ ಪಕ್ಕ ಮಳೆನೀರು ನಿಲ್ಲುವ ದೊಣೆ. ನಮ್ಮೂರಿಗೆ ಸೊಸೆಯಾಗಿ ಬಂದ ಹೆಣ್ಣನ್ನು ಗಂಡ ಒಂದು ಸಲ ಅಲ್ಲಿಗೆ ಕರೆದೊಯ್ಯಬೇಕು, ದೊಣೆಯಲ್ಲಿ ಮುಖ ತೊಳೆಸಿ, ಗುಂಡಿಗೆ ಬೆನ್ನು ಕೊಟ್ಟು ನಿಲ್ಲಿಸಿ ತವರಿನ ದಿಕ್ಕು ತೋರಿಸಬೇಕು ಎಂಬುದು ಹಿರಿಯರು ಇಟ್ಟ ಪದ್ಧತಿ. ತವರು ಕಾಣುವಷ್ಟೇ ದೂರ ಅದ, ಅಳಬ್ಯಾಡ ಅಂತ ಹೇಳುವುದಕ್ಕೆ. ಅಕ್ಕನ ತವರು ಬೋನಾಳದ ಕಡೆ. ಮೋಡವಿಲ್ಲದ ದಿನ ಅಲ್ಲಿಂದ ಕೆರೆ ಬೆಳ್ಳಿ ತಗಡಿನ ಚೂರಿನಂತೆ ಹೊಳೆಯುತ್ತಿತ್ತು.

ಒಂದು ಸಲ ತೋರಿಸಿದರೆ ಸಾಕಿತ್ತು. ಆದರೆ ಅಕ್ಕ ತಿಂಗಳಿಗೊಮ್ಮೆಯಾದರೂ ಅವನ ಜೊತೆ ಹತ್ತುತ್ತಿದ್ದಳು. ಮಾಳಿಗೆಯಿಂದ ಬಿದ್ದು ಸೊಂಟದ ಕೆಳಗೆ ಬಲ ಹೋದ ಮೇಲೆ ಅದು ನಿಂತಿತು. ಆಮೇಲೆ ಆಕೆಯ ಪಾಲಿನ ಗುಡ್ಡವನ್ನೂ ಮಾಮಾನೇ ಹತ್ತತೊಡಗಿದ. ಅಂಗಳದಲ್ಲಿ ಹೊರಸಿನ ಮೇಲೆ ಆಕೆಯನ್ನು ಕೂಡಿಸಿ, ಬೆನ್ನಿಗೆ ದಿಂಬು ಕೊಟ್ಟು, ಅಂಗಡಿಯ ಕೈಗನ್ನಡಿ ಕಿಸೆಗೆ ಹಾಕಿಕೊಂಡು ಹೊರಡುತ್ತಿದ್ದ. ಗುಂಡಿನ ಹತ್ತಿರ ನಿಂತು ಊರ ಕಡೆ ಕನ್ನಡಿ ಮಿಂಚಿಸುತ್ತಿದ್ದ. ಅಕ್ಕ ತೊಡೆಯ ಮೇಲಿನ ಹಿತ್ತಾಳೆ ತಾಟನ್ನು ಓರೆ ಮಾಡಿ ತಿರುಗಿ ಮಿಂಚಿಸುತ್ತಿದ್ದಳು. ಅಷ್ಟು ಮನೆಗಳ ನಡುವೆ ಒಂದೇ ಒಂದು ಕಿಡಿ... ಅದನ್ನು ಕಂಡ ಮೇಲೆಯೇ ಮಾಮಾ ರೊಟ್ಟಿಯ ಗಂಟು ಬಿಚ್ಚುತ್ತಿದ್ದ.

ಇಳಿದು ಬಂದ ಕೂಡಲೇ ಅಕ್ಕನ ಪ್ರಶ್ನೆ ಒಂದೇ. "ಕೆರಿ ಹ್ಯಾಂಗದ್ರಿ? ಹಕ್ಕಿ ಬಂದಾವೇನು?" ಅಷ್ಟು ದೂರಕ್ಕೆ ಹಕ್ಕಿ ಎಲ್ಲಿ ಕಾಣಬೇಕು! ಆ ರಸ್ತೆಯ ಬಸ್ಸಿನಲ್ಲಿ ಓಡಾಡುತ್ತಿದ್ದ ನಾನು ಹಕ್ಕಿಯ ಸುದ್ದಿ ಮೊದಲೇ ಮಾಮಾನ ಕಿವಿಗೆ ಹಾಕಿರುತ್ತಿದ್ದೆ. ಕೆರೆ ಅವನದು, ಹಕ್ಕಿ ನನ್ನವು. ಆಕೆಗೆ ಇದೂ ಗೊತ್ತಿತ್ತು ಅಂತ ಕಾಣುತ್ತದೆ.

ಒಂದು ಭಾನುವಾರ ನನಗೆ ಕಿತಾಪತಿ ಹತ್ತಿತು. ಮಾಮಾನ ಕಿಸೆಯಿಂದ ಕನ್ನಡಿ ಹಾರಿಸಿ, ಅರ್ಧ ಗುಡ್ಡದಲ್ಲೇ ನಿಂತು ಊರ ಕಡೆ ಮಿಂಚಿಸಿದೆ. ದೂರದಿಂದ ನೋಡುವವರಿಗೆ ಬೆಳಕು ಬೆಳಕೇ, ಎಲ್ಲಿಯದಾದರೇನು ಎಂಬುದು ನನ್ನ ಲೆಕ್ಕ. ಎಷ್ಟು ಮಿಂಚಿಸಿದರೂ ತಾಟು ಏಳಲಿಲ್ಲ. ಮನೆಗೆ ಬಂದರೆ ಅಕ್ಕ ಹೊರಸಿನ ಮೇಲಿಂದಲೇ ತರಾಟೆಗೆ ತೆಗೆದುಕೊಂಡಳು.

"ಅರ್ಧ ಗುಡ್ಡದ ಬೆಳಕು ತೋರಸ್ತೀ ಏನೋ ಭಾಡ್ಯಾ? ಗುಂಡಿನ ಮ್ಯಾಲಿನ ಬೆಳಕು ಯಾವುದು, ಗುಡ್ಡದ ಹೊಟ್ಟಿ ಮ್ಯಾಲಿಂದು ಯಾವುದು, ನನಗ ತಿಳಿಯಾಂಗಿಲ್ಲೇನು? ಕಾಲು ಹೋಗ್ಯಾವ, ಕಣ್ಣು ಹೋಗಿಲ್ಲ."

ಮಾಮಾ ನಕ್ಕೂ ನಕ್ಕೂ ಗೋಡೆ ಹಿಡಿದುಕೊಂಡ. ವಾರಗಟ್ಟಲೆ ಅಂಗಡಿಗೆ ಬಂದವರಿಗೆಲ್ಲ ಅದನ್ನೇ ಹೇಳಿದ. ನಾನೂ ನಕ್ಕೆ. ಸೋತ ಆಟವನ್ನು ಗೆದ್ದವನಂತೆ ಹೇಳಿಕೊಂಡು ತಿರುಗುವುದು ನನಗೆ ಮೊದಲಿನಿಂದಲೂ ಬರುತ್ತದೆ.

ಆಮೇಲೆ ಗುಡ್ಡಕ್ಕೆ ಕ್ವಾರಿಯವರು ಬಂದರು. ಹಿಂದಿನ ಮಗ್ಗುಲಿಂದ ಶುರು ಮಾಡಿದ್ದರಿಂದ ಊರಿಗೆ ಮೊದಲು ಸದ್ದು ಮಾತ್ರ ಬಂತು. ಮಧ್ಯಾಹ್ನ ಢಂ ಎಂದರೆ ಮಾಳಿಗೆಯಿಂದ ಮಣ್ಣು ಉದುರುತ್ತಿತ್ತು. ಗಾಯರಾಣದ ನಡುವೆ ಲಾರಿಯ ದಾರಿ ಬಿತ್ತು. ನಿಂಬೆ ಘಮದ ಹುಲ್ಲಿನ ಮೇಲೆ ಬಿಳಿ ಹುಡಿ ಕೂತಿತು. ಮಾಮಾ ಕಚೇರಿಗಳಿಗೆ ಅಲೆದ. "ಸರ್ಕಾರಿ ಗುಡ್ಡ, ನಿಂದೇನದ ಅಲ್ಲಿ?" ಎಂದು ಕೇಳಿದರಂತೆ. ಏನಂತ ಹೇಳಬೇಕು ಅವನು? ನನ್ನ ಹೆಂಡತಿಯ ತವರು ಅಲ್ಲಿದೆ ಅಂತಲೇ?

ಆ ವರ್ಷ ಬೇಸಿಗೆಯ ಒಂದು ಭಾನುವಾರ ಇಬ್ಬರೂ ಹೊರಟೆವು. ಅರ್ಧ ಗುಡ್ಡದಲ್ಲಿ ಮುಳ್ಳುತಂತಿ ಎಳೆದಿದ್ದರು. ಕೆಂಪು ಬಟ್ಟೆ ಹಿಡಿದ ಕಾವಲಿನವ ಓಡಿ ಬಂದ.

"ಮ್ಯಾಲ ಹೋಗಬ್ಯಾಡ್ರಿ ಯಜಮಾನ್ರ, ಮದ್ದು ತುಂಬ್ಯಾರ. ಇವತ್ತ ಆ ಗುಂಡು ಹಾರಸ್ತಾರ."

ಮಾಮಾ ಅವನ ಕೈ ಹಿಡಿದ. "ಒಂದ್ ಸಲ ಬಿಡಪ್ಪ. ಹಿಂಗ ಹೋಗಿ ಹಂಗ ಬರ್ತೀನಿ."

"ನನ್ನ ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ," ಎಂದ ಆತ. ಅವನ ದನಿಯೂ ಅಳುವ ಹಾಗಿತ್ತು.

ಊರಿಗೆಲ್ಲ ಟೋಪಿ ಹಾಕಿದ ನನ್ನ ನಾಲಗೆಗೆ ಅವತ್ತು ಒಂದೇ ಒಂದು ಉಪಾಯ ಹೊಳೆಯಲಿಲ್ಲ. ಮಾಮಾ ತಂತಿಯ ಈಚೆಗೆ ನಿಂತು ನೆತ್ತಿಯ ಗುಂಡನ್ನು ನೋಡಿದ. ಆಮೇಲೆ ಕಿಸೆಗೆ ಕೈ ಹಾಕಿದ.

"ಮಾಮಾ, ಅಕ್ಕಗ ಗೊತ್ತಾಗ್ತದ," ಎಂದೆ.

"ಆಗ್ಲಿ. ಏನೂ ತೋರಸ್ಲಿಲ್ಲಂದ್ರ ಬಿದ್ದಾನ ಅಂತ ತಿಳೀತಾಳ."

ಅರ್ಧ ಗುಡ್ಡದಿಂದ ಕನ್ನಡಿ ಮಿಂಚಿಸಿದ. ಮೊದಲ ಸಲ ಬೆಳಕು ಎಲ್ಲೆಲ್ಲೋ ಹೋಯಿತು. ಮತ್ತೆ ಮಿಂಚಿಸಿದ. ನಾನು ಊರ ಕಡೆ ನೋಡುತ್ತ ನಿಂತೆ. ಆಕೆ ತಾಟು ಎತ್ತುವುದಿಲ್ಲ ಎಂದು ನನಗೆ ಖಾತ್ರಿ ಇತ್ತು.

ತಾಟು ಮಿಂಚಿತು.

ನಿಧಾನಕ್ಕೆ, ಯಾವತ್ತಿಗಿಂತ ಹೆಚ್ಚು ಹೊತ್ತು ಮಿಂಚಿತು. ಮಾಮಾ ಅಲ್ಲೇ ಬಂಡೆಯ ಮೇಲೆ ಕೂತ. ರೊಟ್ಟಿಯ ಗಂಟು ಬಿಚ್ಚಲಿಲ್ಲ. ಇಳಿದು ಗಾಯರಾಣದ ನಡುವೆ ಬರುತ್ತಿದ್ದಾಗ ಹಿಂದೆ ಢಂ ಎಂದಿತು. ಇಬ್ಬರೂ ತಿರುಗಿ ನೋಡಲಿಲ್ಲ.

ಮನೆಯಲ್ಲಿ ಅಕ್ಕ ಹೊರಸಿನ ಮೇಲೆ ಹಾಗೇ ಕೂತಿದ್ದಳು. ಆಕೆಯ ಮುಖ ಇದ್ದದ್ದೇ ಗುಡ್ಡದ ಕಡೆಗೆ. ಗುಂಡು ಹಾರಿದ್ದನ್ನು ನಾವು ನೋಡದಿದ್ದರೂ ಆಕೆ ನೋಡಿದ್ದಳು. ಆದರೂ ಕೇಳಿದಳು.

"ಕೆರಿ ಹ್ಯಾಂಗದ್ರಿ?"

"ತುಂಬ್ಯಾದ," ಎಂದ ಮಾಮಾ. "ಹಕ್ಕಿ ಬಂದಾವ. ದಂಡಿ ತುಂಬ ಬೆಳ್ಳಗ ಆಗ್ಯಾದ."

ಬೇಸಿಗೆ ಅದು. ಕೆರೆ ಇಳಿದು ದಂಡೆ ಬಿರಿದಿತ್ತು. ಚಳಿಗಾಲಕ್ಕೆ ಬರುವ ಹಕ್ಕಿಗಳು ಎಂದೋ ಹೋಗಿದ್ದವು. ಆ ನೀರಿನ ಬದಿಗೇ ಹುಟ್ಟಿ ಬೆಳೆದ ಹೆಣ್ಣಿಗೆ ಅವನು ಹೇಳಿದ ಸುಳ್ಳು ಅದು. ನಾನಾಗಿದ್ದರೆ ಬರಾಬರ್ ಸುಳ್ಳು ಹೇಳುತ್ತಿದ್ದೆ... ಅವನಿಗೆ ರೂಢಿ ಇರಲಿಲ್ಲ.

ಅಕ್ಕ ಅವನ ಮುಖವನ್ನೇ ನೋಡಿದಳು. ತಾಟನ್ನು ಸೆರಗಿನಿಂದ ಒರೆಸಿ ಪಕ್ಕಕ್ಕಿಟ್ಟಳು.

"ಹೌದಾ? ಈ ಸಲ ಜಲ್ದಿ ಬಂದಾವ ಬಿಡ್ರಿ," ಎಂದಳು.

ಮುಂದಿನ ಭಾನುವಾರ ಆಕೆ ಅಂಗಳಕ್ಕೆ ಬರಲಿಲ್ಲ. ಒಳಗೇ ಹಾಸಿಗೆ ಹಾಕಿಸಿಕೊಂಡಳು, ಗೋಡೆಯ ಕಡೆ ಮುಖ ಮಾಡಿ. ಬಿಸಿಲು ಕಣ್ಣಿಗೆ ಚುಚ್ಚುತ್ತದೆ ಎಂಬುದು ನೆಪ. ಆ ಮಳೆಗಾಲ ದಾಟಲಿಲ್ಲ ಆಕೆ. ಮಾಮಾ ಅಂಗಡಿ ತೆರೆಯುತ್ತಿದ್ದ, ಮಷೀನಿನ ಮುಂದೆ ಕೂಡುತ್ತಿದ್ದ. ಆದರೆ ದಾರ ಪೋಣಿಸುತ್ತಿರಲಿಲ್ಲ. ಸುಮ್ಮನೆ ತುಳಿಯುತ್ತಿದ್ದ. ನಾನು ಹೋಗಿ ಎಷ್ಟು ಕಾಡಿಸಿದರೂ, ಹುಂಜದ ಕಥೆಯನ್ನು ಹೊಸದಾಗಿ ಕಟ್ಟಿ ಹೇಳಿದರೂ, "ಹ್ಞೂಂ ಅಳಿಯಾ" ಎನ್ನುತ್ತಿದ್ದ, ಅಷ್ಟೇ. ನನ್ನ ಮಾತಿಗೆ ಜನ ನಗದೆ ಇದ್ದದ್ದು ನನ್ನ ಜೀವನದಲ್ಲಿ ಅದೇ ಮೊದಲು. ಕೊನೆಗೆ ಸೈದಾಪುರಕ್ಕೆ ಕೊಟ್ಟಿದ್ದ ಅವನ ಮಗಳು ಬಂದು ತನ್ನ ಮನೆಗೆ ಕರೆದುಕೊಂಡು ಹೋದಳು. ಹೋಗುವಾಗ ಕನ್ನಡಿಯನ್ನು ನನ್ನ ಕೈಗಿಟ್ಟ. ಅಲ್ಲಿಂದ ಬಂದದ್ದು ಅವನು ತೀರಿದ ಸುದ್ದಿ ಮಾತ್ರ...

ಕನ್ನಡಿ ಈಗಲೂ ನನ್ನ ಹತ್ತಿರ ಇದೆ. ಅದನ್ನು ಹಿಡಿದು ನಿಲ್ಲಲು ಜಾಗ ಇಲ್ಲ. ಗುಡ್ಡ ಇದ್ದಲ್ಲಿ ಈಗ ಹಸಿರು ನೀರಿನ ಒಂದು ಗುಂಡಿ. ಕುರಿಯವರು ಮರಿಗಳನ್ನು ಅದರ ಹತ್ತಿರ ಬಿಡುವುದಿಲ್ಲ. ಇವತ್ತಿನ ಸೊಸೆಯಂದಿರಿಗೆ ಅಲ್ಲೊಂದು ಗುಡ್ಡ ಇತ್ತು ಎಂದರೆ, "ಮಾವಾರು ಮಜಾಕ್ ಮಾಡ್ತಾರ" ಎಂದು ಬಾಯಿಗೆ ಸೆರಗು ಹಿಡಿದು ನಗುತ್ತಾರೆ. ಆಯುಷ್ಯವಿಡೀ ಸುಳ್ಳು ಹೇಳಿ ನಂಬಿಸಿದೆ. ಈಗ ಇದೊಂದು ಖರೆ ಮಾತನ್ನು ಯಾರೂ ನಂಬುವುದಿಲ್ಲ.

ಮೋಟರ್ ಸೈಕಲ್ಲಿನವ ಬಂದು ಗಾಡಿ ಚಾಲೂ ಮಾಡಿದ. ಗೋಡೆಯ ಮೇಲಿನ ಬೆಳಕು ಒಮ್ಮೆ ನಡುಗಿ, ಜಾರಿ, ಬಾಗಿಲು ದಾಟಿ ಹೊರಟು ಹೋಯಿತು. ನನ್ನ ಕುತ್ತಿಗೆ ಇನ್ನೂ ಉತ್ತರಕ್ಕೇ ತಿರುಗಿತ್ತು. ಅಲ್ಲಿ ಬರೀ ಆಕಾಶ.

"ಬಂತೇನ್ರಿ ಬಸ್?" ಅಂಗಡಿಯವ ಮತ್ತೆ ಕೇಳಿದ.

ಏನಾದರೂ ಅನ್ನಬೇಕಿತ್ತು. ಬಾಯಿಗೆ ಏನೂ ಬರಲಿಲ್ಲ.