ಗಾಜಿನ ಮೇಲಿನ ಕೊಕ್ಕರೆ

ಹಳೆಯ ಅಮೆರಿಕನ್ ಗಡಿಯಾರದ ಬೆಲೆ ತಿಳಿಯಬೇಕೆಂದರೆ ನಮ್ಮ ಕನೆಕ್ಟಿಕಟ್ ಕಡೆಯವರು ಟೆರಿವಿಲ್‌ನ ವಾಂಡಾ ಝರೆಂಬಾಳ ಬಾಗಿಲು ತಟ್ಟುತ್ತಿದ್ದರು. ಅರವತ್ತು ದಾಟಿದ ಒಂಟಿ ಹೆಂಗಸು. "ಇದು ಮುತ್ತಜ್ಜನದು" ಎಂದು ತಂದವರಿಗೆ "ನಿಮ್ಮ ಮುತ್ತಜ್ಜ ಸುಳ್ಳು ಹೇಳಿದ್ದಾನೆ" ಎನ್ನಲು ಹಿಂಜರಿದವಳಲ್ಲ.

ಒಂದು ಅಕ್ಟೋಬರ್‌ನಲ್ಲಿ ಸೇಬು ತೋಟದ ಆರಿನ್ ಟಟಲ್ ತನ್ನ ಪೆಟ್ಟಿಗೆ ಗಡಿಯಾರ ಹೊತ್ತು ತಂದ. ಹೆಂಡತಿ ಲೊಯಿಸ್ ತೀರಿಕೊಂಡು ವರ್ಷವಾಗಿತ್ತು. ತೋಟ ಮಾರಿ, ಮೇನ್ ರಾಜ್ಯದಲ್ಲಿದ್ದ ತಂಗಿಯ ಮನೆಗೆ ಹೊರಟಿದ್ದ.

ವಾಂಡಾ ಗಡಿಯಾರದ ಬಾಗಿಲು ತೆರೆದು ಒಳಗೆ ದೀಪ ಹಿಡಿದಳು. "ತಯಾರಕರು ಒಳಗೆ ಅಂಟಿಸಿದ ಚೀಟಿ ಹರಿದಿಲ್ಲ. ಯಂತ್ರ ಇದರದ್ದೇ, ಹಲಗೇಲಿ ಬೇರೆ ಯಂತ್ರ ಕೂರಿಸಿದ ತೂತಿಲ್ಲ. ಪರವಾಗಿಲ್ಲ ಟಟಲ್ ಅವ್ರೇ, ರಿಪೇರಿ ಮಾಡ್ತೀನಿ ಅಂತ ನೀವು ಕೈ ಹಾಕಿಲ್ಲ."

"ಲೊಯಿಸ್ ಬಿಡ್ತಿರ್ಲಿಲ್ಲಮ್ಮ. ನನ್ನ ಕೈ ಅವಳಿಗೆ ಗೊತ್ತಿತ್ತು."

ಬಾಗಿಲು ಮುಚ್ಚಿ, ಮುಳ್ಳುಗಳ ಕೆಳಗಿನ ಗಾಜಿನ ಚಿತ್ರ ನೋಡಿದವಳು ದೀಪವನ್ನು ಇನ್ನೂ ಹತ್ತಿರ ತಂದಳು. ಗಾಜು ಗಡಿಯಾರಕ್ಕಿಂತ ಹೊಸತು, ಹಳೆಯ ಗಾಜಿನ ಅಲೆಯಿಲ್ಲದ ಸಪಾಟು ಗಾಜು. ಅದರ ಹಿಂಬದಿಗೆ ಬರೆದ ಚಿತ್ರದಲ್ಲಿ ಹುಲ್ಲಿನ ಮಾಡಿನ ಮನೆ. ಮಾಡಿನ ಮೇಲೆ ಗೂಡು. ಗೂಡಿನಲ್ಲಿ ಒಂಟಿ ಕಾಲಿನ ಮೇಲೆ ನಿಂತ ಬಿಳಿ ಕೊಕ್ಕರೆ. ಈ ದೇಶದಲ್ಲಿ ಮನೆಯ ಮೇಲೆ ಕೊಕ್ಕರೆ ಗೂಡು ಕಟ್ಟುವುದುಂಟೇ?

ವಾಂಡಾಳ ತಾಯಿ ಅಪೋಲೊನಿಯಾ, ಕೊಕ್ಕರೆಗಳು ಮನೆಯ ಮಾಡಿನ ಮೇಲೆ ಗೂಡು ಕಟ್ಟುವ ಪೋಲೆಂಡಿನಿಂದ ಬಂದವಳು. ಗಡಿಯಾರಗಳ ಒಡೆದ ಗಾಜುಗಳ ಬದಲಿಗೆ ಅಡುಗೆಮನೆಯ ಮೇಜಿನ ಮೇಲೆ ಹೊಸ ಚಿತ್ರ ಬರೆದು ರಿಪೇರಿ ಅಂಗಡಿಗೆ ಕೊಡುತ್ತಿದ್ದಳು. "ಇಲ್ಲಿನ ಮನೆ ಬರಿ" ಎಂದು ಅಂಗಡಿಯವನು ಗದರುತ್ತಿದ್ದ. ಮತ್ತೆಂದೂ ನೋಡಲಾಗದ ತವರನ್ನು ಅವಳು ಹೀಗೆ ಕದ್ದು ಬರೆದಿದ್ದಳು. ಅವಳು ಸತ್ತಾಗ ಮಗಳಲ್ಲಿ ಒಂದು ಚಿತ್ರವೂ ಉಳಿದಿರಲಿಲ್ಲ.

"ಬೆಲೆ ಎಷ್ಟಮ್ಮ?"

"ನೂರೆಂಬತ್ತು ಡಾಲರ್. ಗಾಜು ಮೊದಲಿನದೇ ಆಗಿದ್ರೆ ಮುನ್ನೂರು ದಾಟ್ತಿತ್ತು." ಅವಳು ಕೊಕ್ಕರೆಯ ಮೇಲೆ ಬೆರಳಿಟ್ಟಳು. "ನಮ್ಮಮ್ಮ ಬರ್ದಿದ್ದು ಇದು. ನನ್ನ ಹತ್ರ ಒಂದು ಹಳೇ ಗಾಜಿದೆ. ಅದನ್ನ ಕೂರಿಸಿಕೊಡ್ತೀನಿ, ನಿಮಗೂ ಬೆಲೆ ಏರತ್ತೆ. ಇದನ್ನ ನನಗೆ ಕೊಡ್ತೀರಾ?"

ಟಟಲ್ ಟೋಪಿ ತೆಗೆದು ಕೈಯಲ್ಲಿ ತಿರುಗಿಸಿದ.

"ಲೊಯಿಸ್ ದಿನಾ ಬೆಳಗ್ಗೆ ಕೀಲಿ ಕೊಡುವಾಗ ಈ ಹಕ್ಕಿಗೆ 'ಏನೇ, ಇನ್ನೂ ಹಾರಿ ಹೋಗಿಲ್ವಾ?' ಅಂತಿದ್ಲು. ಮೂವತ್ತು ವರ್ಷ. ನೀನು ಕೇಳೋವರೆಗೂ ಮಾರೋಣ ಅಂತಲೇ ಇದ್ದೆ. ತಪ್ಪು ತಿಳ್ಕೋಬೇಡಮ್ಮ, ಕೊಡೋಕೆ ಆಗಲ್ಲ."

ವಾಂಡಾ ಗಡಿಯಾರದ ಬೆಲೆ, ವಿವರದ ಚೀಟಿ ಬರೆದುಕೊಟ್ಟಳು: "ಗಾಜು ಬದಲಾಗಿದೆ. ಚಿತ್ರ ಬರೆದವರು ಅಪೋಲೊನಿಯಾ ಝರೆಂಬಾ, ಟೆರಿವಿಲ್." ತಾಯಿಯ ಹೆಸರನ್ನು ಅವಳು ಇಂಥ ಚೀಟಿಯಲ್ಲಿ ಬರೆದದ್ದು ಅದೇ ಮೊದಲು.

ಆ ಚಳಿಗಾಲ ತಾನೇ ಆ ಚಿತ್ರ ಬರೆಯಲು ಕೂತಳು. ಗಾಜಿನ ಹಿಂದೆ ಬರೆಯುವಾಗ ಎಲ್ಲ ತಿರುಗುಮುರುಗು: ಹಕ್ಕಿ ಮೊದಲು, ಆಕಾಶ ಕೊನೆಗೆ. ನಾಲ್ಕು ಗಾಜು ಕೆಟ್ಟವು. ಕೊಕ್ಕರೆ ಪ್ರತಿ ಸಲವೂ ಬಾತುಕೋಳಿಯಾಯಿತು. ಕೊನೆಗೆ ಮೇನ್‌ಗೆ ಫೋನ್ ಮಾಡಿದಳು.

"ಟಟಲ್ ಅವ್ರೇ, ಅದರ ಕೊಕ್ಕು ಯಾವ ಕಡೆಗಿದೆ?"

"ತಡಿ, ನೋಡ್ಕೊಂಡ್ ಬರ್ತೀನಿ" ಎಂದು ಅವನು ಫೋನ್ ಕೆಳಗಿಟ್ಟು ಹೋದ. ಮುದುಕನ ನಡಿಗೆ ನಿಧಾನ. ವಾಂಡಾ ಕಿವಿಗೊಟ್ಟು ಕಾದಳು. ದೂರದಲ್ಲೆಲ್ಲೋ ಆ ಕೊಕ್ಕರೆಯ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಅವನು ಇನ್ನೂ ಸ್ವಲ್ಪ ತಡವಾಗಿ ಬರಲಿ ಎಂದುಕೊಂಡಳು.