ಅತ್ತೆಯ ಮಂಡಿಗೆ ಸೊಸೆಯ ಪಟ್ಟಿ

ಗಾರ್ಮೆಂಟ್ಸಿನಲ್ಲಿ ಎಲ್ಲರೂ ಅವಳನ್ನು ಇಸ್ತ್ರಿಯಕ್ಕ ಎಂದೇ ಕರೆಯುವುದು. ಹನ್ನೊಂದು ವರ್ಷದಿಂದ ಆವಿಯಲ್ಲಿ ಬೆಂದು ಕಾಲರು ತೀಡುತ್ತಿದ್ದಾಳೆ, ಎರಡು ಹೆಣ್ಣು ಹೆತ್ತಿದ್ದಾಳೆ, ಇನ್ನು ಸಾಕಪ್ಪಾ ಸಾಕು ಎಂದು ತೀರ್ಮಾನಿಸಿದ್ದಾಳೆ. ಆದರೆ ಮನೆಯಲ್ಲಿ ತೀರ್ಮಾನಿಸುವವರು ಬೇರೆಯೇ ಇದ್ದರಲ್ಲ, ಅತ್ತೆ. ಬೆಳಗಾದರೆ ಮೂರನೆಯ ಮಗುವಿನದೇ ಜಪ. ಗಂಡನೆಂಬ ಮಹಾಶಯ, ಅಮ್ಮನಿಗೆ ಗೊತ್ತಾಗದ ಹಾಗೆ ಏನಾದರೂ ಮಾಡಿಕೋ ಎಂದು ಕೈ ತೊಳೆದುಕೊಂಡ. ಅಮ್ಮನೆದುರು ಅವನು ಬೆಕ್ಕಿನ ಮುಂದಿನ ಇಲಿ.

ಮಕ್ಕಳಾಗದ ಹಾಗೆ ದಿನಾ ಮಾತ್ರೆ ನುಂಗಲು ಅವಳಿಗೆ ನೆನಪಿರುತ್ತಿರಲಿಲ್ಲ. ಅದಕ್ಕೆ ಆಸ್ಪತ್ರೆಯ ನರ್ಸು ಅದೇ ಔಷಧಿಯ ಅಂಟುಪಟ್ಟಿ ಕೊಟ್ಟಳು. ವಾರಕ್ಕೊಂದರಂತೆ ಮೂರು ವಾರ ಚರ್ಮಕ್ಕೆ ಅಂಟಿಸುವುದು, ನಾಲ್ಕನೆಯ ವಾರ ಬಿಡುವುದು. ಬೀಪಿ ಇದ್ದವರು ಮಾತ್ರ ಹಾಕಬಾರದು, ರಕ್ತ ಹೆಪ್ಪುಗಟ್ಟೀತು ಎಂದೂ ಹೇಳಿದ್ದಳು.

ಗುಟ್ಟು ಮುಚ್ಚಿಡಲು ಕಷ್ಟವೇನಾಗಲಿಲ್ಲ. ಇಸ್ತ್ರಿ ವಿಭಾಗದ ಹೆಂಗಸರೆಲ್ಲ ಭುಜಕ್ಕೆ ನೋವಿನ ಪಟ್ಟಿ ಮೆತ್ತಿಕೊಂಡೇ ಓಡಾಡುವವರು. ಅತ್ತೆ ಇವಳ ತೋಳು ನೋಡಿ ಕೇಳಿದಾಗ ಇದೂ ನೋವಿನದು, ಹೊಸದು, ಭಾರೀ ದುಬಾರಿ ಎಂದುಬಿಟ್ಟಳು. ದುಬಾರಿ ಎನ್ನಬಾರದಿತ್ತು.

ಭಾನುವಾರ ಪಟ್ಟಿ ಬದಲಿಸಲು ಡಬ್ಬಿ ತೆಗೆದರೆ ಇದ್ದ ಒಂದೂ ಮಾಯ. ಹೊರಗೆ ಅತ್ತೆ ಮಂಡಿ ತೋರಿಸಿಕೊಂಡು ಪಕ್ಕದ ಮನೆಯಾಕೆಗೆ ವರದಿ ಒಪ್ಪಿಸುತ್ತಿದ್ದರು. ಬೆಳಿಗ್ಗೆ ಅಂಟಿಸಿದ್ದಂತೆ, ಆಗಲೇ ಮೆಟ್ಟಿಲು ಹತ್ತಿದರೂ ನೋವಿಲ್ಲವಂತೆ.

ಇಸ್ತ್ರಿಯಕ್ಕ ಹೊರಗೆ ಓಡಿಬಂದಳು. ಅತ್ತೆ ಎರಡು ಹೊತ್ತೂ ಬೀಪಿ ಮಾತ್ರೆ ನುಂಗುವ ಜೀವ. ಸುಮ್ಮನಿದ್ದರೆ ಮುದುಕಿಗೆ ಅಪಾಯ, ಬಾಯಿಬಿಟ್ಟರೆ ಬಣ್ಣಗೇಡು. ಅದರ ಅವಧಿ ಮುಗಿದಿದೆ ಎಂದಳು. ನನ್ನದೂ ಮುಗಿದಿದೆ ಬಿಡು ಎಂದರು ಅತ್ತೆ. ಕೀಳಲು ಹೋದವಳ ಕೈಗೆ ರಪ್ಪನೆ ಬಿತ್ತು. ಪಕ್ಕದ ಮನೆಯಾಕೆ ತೊಲಗಿದ ಮೇಲೆ ಹೇಳಿಯೇಬಿಟ್ಟಳು.

"ಅತ್ತೆ, ಅದು ನೋವಿನ ಪಟ್ಟಿ ಅಲ್ಲ. ಮಕ್ಕಳಾಗ್ದೇ ಇರೋಕೆ ನಾನು ಹಾಕ್ಕೊಳ್ಳೋದು. ಬೀಪಿ ಇರೋರಿಗೆ ಆಗಲ್ಲ, ತೆಗೆದುಬಿಡಿ."

ಅತ್ತೆ ತಮ್ಮ ಮಂಡಿ ನೋಡಿದರು, ಸೊಸೆಯ ತೋಳು ನೋಡಿದರು. ಆಮೇಲೆ ಶುರುವಾಯಿತು ನೋಡಿ, ಕಳ್ಳಿ ಎಂದರು, ಮನೆಹಾಳಿ ಎಂದರು, ಅವಳ ತವರಿನ ಒಬ್ಬರನ್ನೂ ಬಿಡಲಿಲ್ಲ. ಬೈದು ಬೈದು ಉಸಿರು ಕಟ್ಟಿದಾಗ ಪಟ್ಟಿಯನ್ನು ಚರ್ರನೆ ಕಿತ್ತು ಬೆಳಕಿಗೆ ಹಿಡಿದರು.

"ಇಷ್ಟೇನಾ? ಅಂಟಿಸ್ಕೊಂಡ್ರೆ ಆಯ್ತಾ?"

ಇಷ್ಟೇ ಎಂದಳು ಸೊಸೆ.

ಅತ್ತೆ ಎಂಟು ಹೆತ್ತವರು, ಅದರಲ್ಲಿ ಎರಡನ್ನು ಮಣ್ಣಿಗಿಟ್ಟವರು. ಪಟ್ಟಿಯನ್ನು ಅಂಗೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು.

"ನಂಗೆ ಇದು ಸಿಕ್ಕಿದ್ದಿದ್ರೆ ನಾಲ್ಕಕ್ಕೇ ನಿಲ್ಲಿಸಿಬಿಡ್ತಿದ್ದೆ ಕಣೆ."

ಗಲಾಟೆ ಕೇಳಿ ಬಂದು ಬಾಗಿಲಲ್ಲಿ ನಿಂತಿದ್ದ ಗಂಡನ ಮುಖ ಸಪ್ಪಗಾಯಿತು. "ಅಮ್ಮಾ, ನಾನು ಆರನೇವ್ನು," ಎಂದ.

"ಗೊತ್ತು ಬಿಡೋ. ಹೋಗಿ ಇವಳಿಗೆ ಬೇರೆ ಪಟ್ಟಿ ತಗೊಂಡ್ಬಾ, ಇರೋದೊಂದನ್ನ ನಾನು ಹಾಳು ಮಾಡಿದೀನಿ."